ಅಧ್ಯಾಯ 4: ತಲುಪುವ ದಾರಿ ಮೊದಲು, ಬರಹ ಆಮೇಲೆ

1900ರ ಹೊತ್ತಿಗೆ ಇಡೀ ಫ್ರಾನ್ಸಿನಲ್ಲಿ ಓಡಾಡುತ್ತಿದ್ದ ಮೋಟಾರು ಕಾರುಗಳು ಕೆಲವೇ ಸಾವಿರ. ಟೈರ್ ಮಾರಿ ಬದುಕಬೇಕಾದವರಿಗೆ ಇದು ಚಿಂತೆಯ ಮಾತೇ. ಕ್ಲೆರ್ಮಾಂ-ಫೆರಾಂ ಊರಿನ ಆಂದ್ರೆ ಮತ್ತು ಎದುವಾರ್ ಮಿಶೆಲಿನ್ ಸೋದರರು ಆ ವರ್ಷ ಕೆಂಪು ಹೊದಿಕೆಯ ಪುಟ್ಟ ಕೈಪಿಡಿಯೊಂದನ್ನು ಸುಮಾರು 35,000 ಪ್ರತಿ ಅಚ್ಚು ಹಾಕಿಸಿ ಪುಕ್ಕಟೆ ಹಂಚಿದರು. ಟೈರ್ ಬಿಚ್ಚಿ ಹಾಕುವುದು ಹೇಗೆ, ಯಾವ ಊರಿನಲ್ಲಿ ಮೆಕ್ಯಾನಿಕ್ ಸಿಗುತ್ತಾನೆ, ಪೆಟ್ರೋಲ್ ಎಲ್ಲಿ, ರಾತ್ರಿ ತಂಗಲು ಹೋಟೆಲ್ ಯಾವುದು ಎಂಬುದೆಲ್ಲ ಅದರಲ್ಲಿತ್ತು. ದೂರ ಹೋಗುವ ಧೈರ್ಯ ಬಂದರೆ ಜನ ಹೆಚ್ಚು ಓಡಾಡುತ್ತಾರೆ, ಹೆಚ್ಚು ಓಡಾಡಿದಷ್ಟೂ ಟೈರ್ ಸವೆಯುತ್ತದೆ ಎಂಬುದು ಅವರ ಲೆಕ್ಕ.

ಕಂಟೆಂಟ್ ಮಾರ್ಕೆಟಿಂಗ್ ಕಲಿಸುವವರು ಈ ಕಥೆ ಹೇಳುವಾಗ ಒಳಗಿದ್ದ ಮಾಹಿತಿಯನ್ನೇ ಹೊಗಳುತ್ತಾರೆ. ನನ್ನ ಕಣ್ಣು ಹೋಗುವುದು ಅದು ಜನರ ಕೈ ಸೇರಿದ ಬಗೆಯ ಕಡೆಗೆ. ಕೈಪಿಡಿ ಸಿಗುತ್ತಿದ್ದದ್ದು ಟೈರ್ ಮಾರುವವರ ಬಳಿ, ಗ್ಯಾರೇಜುಗಳಲ್ಲಿ. ಅಂದರೆ ಗಾಡಿ ನಿಂತು, ಅದರ ಯಜಮಾನ ಕಾಯುತ್ತ ಕೂರುವ ಜಾಗದಲ್ಲೇ. ಹಂಚುವ ದಾರಿಗೆ ತಕ್ಕಂತೆ ಬರಹದ ಆಕಾರವೂ ಇತ್ತು. 1920ರಲ್ಲಿ ಅದಕ್ಕೆ ಬೆಲೆ ಇಟ್ಟರು, 1926ರಲ್ಲಿ ಒಳ್ಳೆಯ ಊಟಕ್ಕೆ ನಕ್ಷತ್ರ ಕೊಡತೊಡಗಿದರು. 1944ರಲ್ಲಿ ನಾರ್ಮಂಡಿಗೆ ಇಳಿಯಲಿದ್ದ ಮಿತ್ರಪಡೆಗಳಿಗಾಗಿ 1939ರ ಆವೃತ್ತಿಯನ್ನು ವಾಷಿಂಗ್ಟನ್ನಿನಲ್ಲಿ ಮತ್ತೆ ಅಚ್ಚು ಹಾಕಲಾಯಿತು, ಅದರಲ್ಲಿದ್ದ ಊರುಗಳ ನಕ್ಷೆಗಳ ಸಲುವಾಗಿ. ಟೈರ್ ಕಂಪನಿಯೊಂದರ ಪ್ರಚಾರಪುಸ್ತಕ ಅಷ್ಟು ದೂರ ನಡೆದಿತ್ತು!

ಇಂದು ಬಹುಪಾಲು ಕಡೆ ಕೆಲಸ ತಲೆಕೆಳಗಾಗಿ ನಡೆಯುತ್ತದೆ. ಲೇಖನ ಬರೆದು, ವಿಡಿಯೋ ಮಾಡಿ ಮುಗಿಸಿದ ಮೇಲೆ ‘ಇದನ್ನು ಎಲ್ಲಿ ಹಾಕೋಣ?’ ಎಂಬ ಪ್ರಶ್ನೆ ಏಳುತ್ತದೆ. ಒಂದನ್ನೇ ಫೇಸ್‌ಬುಕ್ಕಿಗೂ ಇನ್‌ಸ್ಟಾಗ್ರಾಮಿಗೂ ವಾಟ್ಸ್ಯಾಪಿಗೂ ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ಕಷ್ಟಪಟ್ಟು ಮಾಡಿದ ಒಳ್ಳೆಯ ಕೆಲಸ ಹೀಗೆ ಬೇಕಾದವರ ಕಣ್ಣಿಗೇ ಬೀಳದೆ ಹೋಗುವುದನ್ನು ಕಂಡರೆ ಸಂಕಟವಾಗುತ್ತದೆ.

ಮಲೆನಾಡಿನಲ್ಲಿ ಅಡಿಕೆ ಮರಕ್ಕೆ ನೆಲದಿಂದಲೇ ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಮಾರುವ ಅಂಗಡಿಯೊಂದರ ಪ್ರಚಾರ ನಿಮ್ಮ ಪಾಲಿಗೆ ಬಂದಿದೆ ಎಂದುಕೊಳ್ಳಿ. ‘ನಮ್ಮ ದೋಟಿ ಹಗುರ’ ಎಂಬ ಪೋಸ್ಟನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ಬೆಳೆಗಾರರ ತಲೆಯಲ್ಲಿರುವುದು ಕೊಳೆರೋಗ. ಅದನ್ನು ತಡೆಯಲು ಮಳೆ ಹಿಡಿಯುವ ಮೊದಲು ಒಂದು ಸಲ, ಅದಾಗಿ 40-45 ದಿನಕ್ಕೆ ಇನ್ನೊಂದು ಸಲ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯಬೇಕು. ಮರ ಹತ್ತಿ ಹೊಡೆಯುವ ಕೊನೆಗಾರರು ಸಿಗುವುದು ಕಷ್ಟ. ನೀವು ಕೊಡಬೇಕಾದ ಮಾಹಿತಿ ಇಲ್ಲಿದೆ. ಶೇಕಡ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕೆಜಿ ಸುಣ್ಣವನ್ನು ಬೇರೆ 50 ಲೀಟರಿನಲ್ಲಿ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಹೊಳೆಯುವ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ತೆಗೆದಾಗ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಲದು ಎಂದರ್ಥ.

ಈ ಒಂದೇ ಮಾಹಿತಿ ಪ್ರತಿ ದಾರಿಯಲ್ಲೂ ಬೇರೆ ಆಕಾರ ತಾಳಬೇಕು. ಗೂಗಲ್‌ನಲ್ಲಿ ಹುಡುಕುವವರು ಪ್ರಶ್ನೆ ಕೇಳುತ್ತಾರೆ, ಎಷ್ಟೋ ಸಲ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ, ಇಲ್ಲವೇ ಬಾಯಲ್ಲಿ ಹೇಳಿ. ಅವರಿಗೆ ಮೊದಲ ಎರಡು ಸಾಲಿನಲ್ಲೇ ಉತ್ತರವಿರುವ ಪುಟ ಬೇಕು. ಹುಡುಕಾಟದಲ್ಲಿ ಮೇಲೆ ಬರಲು ವಾರಗಳೇ ಹಿಡಿಯುವುದರಿಂದ ಅದು ಮಾರ್ಚಿನಲ್ಲೇ ಸಿದ್ಧವಿರಬೇಕು. ಯೂಟ್ಯೂಬಿಗೆ ಆ ಕತ್ತಿಯ ಪರೀಕ್ಷೆಯೇ ಸಾಕು: ಅಲಗು ಕೆಂಪಾಗುವುದನ್ನು ಹತ್ತಿರದಿಂದ ತೋರಿಸಿ, ಅಂಗಡಿಯ ಲೋಗೋ ಆಮೇಲೆ ಬರಲಿ.

ವಾಟ್ಸ್ಯಾಪಿನ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ‘ವೈರಲ್ ಆಗುತ್ತದೆ ಬಿಡಿ’ ಎಂದು ಅದರ ಮೇಲೆ ಭಾರ ಹಾಕುವವರೇ ಹೆಚ್ಚು. ಭಾರತದಲ್ಲಿ 2018ರಿಂದಲೇ ಫಾರ್ವರ್ಡ್‌ಗೆ ಒಮ್ಮೆಗೆ ಐದು ಚಾಟ್‌ಗಳ ಮಿತಿ ಬಂತು. 2020ರ ಏಪ್ರಿಲ್‌ನಿಂದ, ಆಗಲೇ ಬಹಳ ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದರೆ, ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗಷ್ಟೇ ಸಂದೇಶ ಮುಟ್ಟುತ್ತದೆ. ಹಾಗಾಗಿ ನಿಜವಾದ ಹಂಚಿಕೆಯ ಕೆಲಸ ನಡೆಯುವುದು ಅಂಗಡಿಯ ಕೌಂಟರಿನಲ್ಲಿ. ಬಿಲ್ ಬರೆಯುವಾಗಲೇ ‘ಔಷಧಿ ಹೊಡೆಯುವ ದಿನ ಬಂದಾಗ ನೆನಪು ಮಾಡ್ತೀವಿ, ಈ ನಂಬರ್ ಸೇವ್ ಮಾಡ್ಕೊಳ್ಳಿ ಗೌಡ್ರೇ’ ಎಂದು ಹೇಳುವ ಹುಡುಗ ನಿಮ್ಮ ತಂಡದ ಮುಖ್ಯ ಸದಸ್ಯ. ಸಾವಿರಾರು ಲೈಕುಗಳಿಗಿಂತ ಹೀಗೆ ಒಪ್ಪಿ ಸೇರಿದ ಇನ್ನೂರು ಹೆಸರುಗಳ ಪಟ್ಟಿ ಮೇಲು ಎಂದು ನಾನು ಖಚಿತವಾಗಿ ಹೇಳುತ್ತೇನೆ. ಫೇಸ್‌ಬುಕ್ ನಾಳೆ ತನ್ನ ನಿಯಮ ಬದಲಿಸಿದರೂ ಆ ಪಟ್ಟಿ ನಿಮ್ಮದೇ. ಕಳಿಸುವ ಚಿತ್ರದಲ್ಲಿ ಅಕ್ಷರ ದಪ್ಪಗಿರಲಿ, ಫೋನ್ ನಂಬರ್ ಚಿತ್ರದ ಒಳಗೇ ಇರಲಿ. ಗುಂಪಿನಿಂದ ಗುಂಪಿಗೆ ದಾಟುವಾಗ ಜೊತೆಗಿನ ಬರಹ ಕಳಚಿಹೋದರೂ ಚಿತ್ರ ಉಳಿಯುತ್ತದೆ. ಅಡಿಕೆ ಸೊಸೈಟಿಯ ಗೋಡೆಗೆ ಕ್ಯೂಆರ್ ಕೋಡ್ ಇರುವ ಒಂದು ಹಾಳೆ ಅಂಟಿಸುವುದಕ್ಕೂ ಸಂಕೋಚ ಬೇಡ.

ಹಣ ಕೊಟ್ಟು ಹಾಕುವ ಜಾಹೀರಾತು ಕೊನೆಗೆ ಬರಲಿ. ತಾನಾಗಿಯೇ ಜನ ನೋಡುತ್ತಿರುವ ವಿಡಿಯೋ ಯಾವುದೋ ಅದಕ್ಕೆ, ಅದೂ ಮೇ ತಿಂಗಳಲ್ಲಿ, ಅಡಿಕೆ ಬೆಳೆಯುವ ತಾಲ್ಲೂಕುಗಳಿಗೆ ಮಾತ್ರ ಹಾಕಿದರೆ ಸಾಕು.

ಲೆಕ್ಕ ಇಡುವಾಗ ವ್ಯೂಸ್ ನೋಡಿ ಹಿಗ್ಗಬೇಡಿ; ನೋಡಿದವರಲ್ಲಿ ಅಡಿಕೆ ಮರವನ್ನೇ ಕಾಣದವರೂ ಇರುತ್ತಾರೆ. ಯಾರು ಯಾವ ದಾರಿಯಿಂದ ಬಂದರೆಂದು ತಿಳಿಯಲು ಗೋಡೆಯ ಹಾಳೆಗೆ ಒಂದು ಕ್ಯೂಆರ್, ಬಿಲ್ಲಿನ ಮೇಲೆ ಇನ್ನೊಂದು ಕೊಡಿ. ಅಂಗಡಿಗೆ ಬಂದವರನ್ನು ಎಲ್ಲಿ ನೋಡಿದಿರಿ ಎಂದು ಕೇಳಿ ಪುಸ್ತಕದಲ್ಲಿ ಬರೆದಿಡಿ. ಬರುವ ವರ್ಷ ಹೊಸ ಪುಟ ಮಾಡಲು ಹೋಗದೆ ಹಳೆಯದನ್ನೇ ಅದೇ ವಿಳಾಸದಲ್ಲಿ ತಿದ್ದಿ; ಗಳಿಸಿದ ಹುಡುಕಾಟದ ಜಾಗ ಕೈತಪ್ಪುವುದಿಲ್ಲ. ಮೊದಲ ಸಿಂಪರಣೆಯಾದ ದಿನಾಂಕ ತಿಳಿಸಿದ ಬೆಳೆಗಾರರಿಗೆ ಮೂವತ್ತೆಂಟನೆಯ ದಿನ ಸಂದೇಶ ಹೋಗಲಿ: ಎರಡನೆಯದಕ್ಕೆ ಹೊತ್ತಾಯಿತು, ಮೈಲುತುತ್ತ, ಸುಣ್ಣ ತಂದಿಟ್ಟುಕೊಳ್ಳಿ.