‘ಕುಡಿಯಲು’ ಮತ್ತು ‘ಕುಡಿಯುವುದನ್ನು’: ಟು ರೂಪ, ಇಂಗ್ ರೂಪಗಳ ಬೋಧನೆ

ಅಭ್ಯಾಸ ಬೋಧನೆಯ ಇಂಗ್ಲಿಷ್ ಪಾಠಗಳಲ್ಲಿ ಕಪ್ಪುಹಲಗೆಯನ್ನು ಎರಡು ಭಾಗ ಮಾಡುವ ದಿನ ಒಂದಿರುತ್ತದೆ. ಎಡಗಡೆ ವಾಂಟ್, ಡಿಸೈಡ್, ಹೋಪ್, ರೆಫ್ಯೂಸ್. ಬಲಗಡೆ ಎಂಜಾಯ್, ಅವಾಯ್ಡ್, ಫಿನಿಶ್, ಮೈಂಡ್. ಮೊದಲ ಗುಂಪಿನ ನಂತರ ಟು ರೂಪ, ಎರಡನೆಯದರ ನಂತರ ಇಂಗ್ ರೂಪ, ಬಾಯಿಪಾಠ ಮಾಡಿಕೊಂಡು ಬನ್ನಿ ಎನ್ನುವಲ್ಲಿಗೆ ಪಾಠ ಮುಗಿಯುತ್ತದೆ. ಪಟ್ಟಿ ತಪ್ಪಲ್ಲ. ಆದರೆ ಸ್ಟಾಪ್, ರಿಮೆಂಬರ್, ಫರ್ಗೆಟ್, ಟ್ರೈ ಎಂಬ ಕ್ರಿಯಾಪದಗಳು ಎರಡೂ ಕಡೆ ಬರುತ್ತವೆ. ಅರ್ಥ ಬದಲಿಸಿಕೊಂಡು ಬರುತ್ತವೆ. ‘ಯಾಕೆ ಟೀಚರ್?’ ಎಂದು ಮಕ್ಕಳು ಕೇಳುವುದೂ ಅಲ್ಲಿಯೇ, ಪಟ್ಟಿ ಕೈಕೊಡುವುದೂ ಅಲ್ಲಿಯೇ.

ಉತ್ತರ ಬಹುಮಟ್ಟಿಗೆ ಮಕ್ಕಳ ಕನ್ನಡದಲ್ಲೇ ಇದೆ. ‘ಹಿ ಸ್ಟಾಪ್ಡ್ ಟು ಡ್ರಿಂಕ್ ಟೀ’ ಎಂದರೆ ಅವನು ಚಹಾ ಕುಡಿಯಲು ನಿಂತ. ‘ಹಿ ಸ್ಟಾಪ್ಡ್ ಡ್ರಿಂಕಿಂಗ್ ಟೀ’ ಎಂದರೆ ಚಹಾ ಕುಡಿಯುವುದನ್ನು ನಿಲ್ಲಿಸಿದ. ಮೊದಲನೆಯದರಲ್ಲಿ ಚಹಾ ಇನ್ನೂ ಮುಂದಿದೆ. ‘ಲು’ ಪ್ರತ್ಯಯ ಉದ್ದೇಶವನ್ನು ಹೇಳುತ್ತಿದೆ. ಎರಡನೆಯದರಲ್ಲಿ ನಡೆಯುತ್ತಿದ್ದ ಕೆಲಸವೇ ಒಂದು ವಸ್ತುವಿನಂತಾಗಿ ದ್ವಿತೀಯಾ ವಿಭಕ್ತಿ ಪಡೆದಿದೆ. ಇದನ್ನು ಕೃದಂತಾವ್ಯಯದ ಪಾಠದಲ್ಲಿ ಕನ್ನಡ ಅಧ್ಯಾಪಕರು ಅರ್ಧ ಹೇಳಿಯೇ ಇರುತ್ತಾರೆ. ಪಕ್ಕದ ತರಗತಿಯ ಆ ಪಾಠವನ್ನು ಇಂಗ್ಲಿಷ್ ಪಾಠಯೋಜನೆ ಬರೆಯುವವರು ಒಮ್ಮೆ ಕೂತು ಕೇಳುವುದು ಒಳ್ಳೆಯದು.

ರಿಮೆಂಬರ್ ಪದದಲ್ಲಿ ಈ ಹೊಂದಿಕೆ ಇನ್ನೂ ಸ್ಪಷ್ಟ. ‘ರಿಮೆಂಬರ್ ಟು ಲಾಕ್ ದ ಡೋರ್’: ಬಾಗಿಲಿಗೆ ಬೀಗ ಹಾಕಲು ನೆನಪಿಟ್ಟುಕೋ. ‘ಐ ರಿಮೆಂಬರ್ ಲಾಕಿಂಗ್ ದ ಡೋರ್’: ಬೀಗ ಹಾಕಿದ್ದು ನೆನಪಿದೆ. ಇಂಗ್ಲಿಷಿನ ಇಂಗ್ ರೂಪ ಕಾಲವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕನ್ನಡದ ‘ಹಾಕಿದ್ದು’ ಹೇಳುತ್ತದೆ. ನನಗೆ ಬಹಳ ಮೆಚ್ಚುಗೆಯಾದ ಜೋಡಿ ‘ಒಪ್ಪು’ ಧಾತುವಿನದು. ಹಣ ಕೊಡಲು ಒಪ್ಪಿದ: ‘ಅಗ್ರೀಡ್ ಟು ಪೇ’. ಹಣ ಕದ್ದದ್ದನ್ನು ಒಪ್ಪಿಕೊಂಡ: ‘ಅಡ್ಮಿಟೆಡ್ ಸ್ಟೀಲಿಂಗ್’. ಕನ್ನಡದಲ್ಲಿ ಧಾತು ಒಂದೇ, ಇಂಗ್ಲಿಷಿನಲ್ಲಿ ಪದಗಳು ಎರಡು. ಆದರೂ ಮುಂದೆ ನಡೆಯಬೇಕಾದದ್ದಕ್ಕೆ ಟು, ಆಗಿಹೋದದ್ದಕ್ಕೆ ಇಂಗ್ ಎಂಬ ಹಂಚಿಕೆ ಹಾಗೆಯೇ ಉಳಿಯುತ್ತದೆ. ಟ್ರೈ ಪದಕ್ಕೂ ನಮ್ಮಲ್ಲಿ ಸೊಗಸಾದ ದಾರಿಯಿದೆ. ಕಿಟಕಿ ತೆರೆಯಲು ಪ್ರಯತ್ನಿಸಿದೆ (ತೆರೆಯಿತೋ ಇಲ್ಲವೋ) ಎಂದರೆ ‘ಟ್ರೈಡ್ ಟು ಓಪನ್’. ಸೆಕೆ ಕಡಿಮೆಯಾದೀತೇ ಎಂದು ತೆರೆದು ನೋಡಿದೆ ಎಂದರೆ ‘ಟ್ರೈಡ್ ಓಪನಿಂಗ್’.

ವಿಭಕ್ತಿಯೂ ನೆರವಿಗೆ ಬರುತ್ತದೆ. ಚಿತ್ರ ಬಿಡಿಸುವುದರಲ್ಲಿ ಜಾಣೆ: ‘ಗುಡ್ ಅಟ್ ಡ್ರಾಯಿಂಗ್’. ಓದುವುದರಿಂದ ಕಲಿತೆ: ‘ಲರ್ನ್ಡ್ ಬೈ ರೀಡಿಂಗ್’. ಕನ್ನಡದ ಪ್ರತ್ಯಯದ ಜಾಗದಲ್ಲಿ ಇಂಗ್ಲಿಷ್ ಉಪಸರ್ಗ ನಿಂತರೆ ಅದರ ನಂತರ ಇಂಗ್ ರೂಪವೇ. ಚತುರ್ಥಿ ಮಾತ್ರ ಬೇರೆ: ‘ಕುಡಿಯುವುದಕ್ಕೆ ನಿಂತ’ ಎಂದರೂ ‘ಕುಡಿಯಲು ನಿಂತ’ ಎಂದೇ ಅರ್ಥ. ಮಕ್ಕಳ ಬಾಯಲ್ಲಿ ಅದು ‘ಕುಡಿಯೋಕೆ’, ‘ಕುಡಿಯಾಕ’, ‘ಕುಡಿಯಲಿಕ್ಕೆ’ ಎಂದು ಊರಿಗೊಂದು ರೂಪದಲ್ಲಿರುತ್ತದೆ. ತರಗತಿಯಲ್ಲಿ ಆ ರೂಪವನ್ನೇ ಬಳಸಿ. ಗ್ರಾಂಥಿಕ ‘ಕುಡಿಯಲು’ ಅವರಿಗೆ ಇನ್ನೊಂದು ಪರಭಾಷೆಯಂತೆ ಕೇಳೀತು.

ಕನ್ನಡ ದಾರಿ ತಪ್ಪಿಸುವ ಕಡೆಗಳೂ ಇವೆ. ‘ಓದಲು ಸೂಚಿಸಿದರು’ ಎಂಬ ವಾಕ್ಯವೇ ‘ಸಜೆಸ್ಟೆಡ್ ಮಿ ಟು ರೀಡ್’ ಎಂಬ ತಪ್ಪಿಗೆ ಎಡೆಮಾಡಿಕೊಡುತ್ತದೆ. ಸರಿಯಾದದ್ದು ‘ಸಜೆಸ್ಟೆಡ್ ರೀಡಿಂಗ್’ ಅಥವಾ ‘ಸಜೆಸ್ಟೆಡ್ ದಟ್ ಐ ರೀಡ್’. ‘ಈಜಲು ಇಷ್ಟ’, ‘ಈಜುವುದು ಇಷ್ಟ’ ಎರಡೂ ನಮ್ಮಲ್ಲಿ ನಡೆಯುತ್ತವೆ. ಲೈಕ್ ಪದಕ್ಕೆ ಇದು ಹೊಂದುತ್ತದೆ, ಎಂಜಾಯ್ ಪದಕ್ಕೆ ಹೊಂದುವುದಿಲ್ಲ. ‘ಬರೆದು ಮುಗಿಸಿದೆ’ ಎಂಬುದು ಫಿನಿಶ್ ಬಗ್ಗೆ ಯಾವ ಸುಳಿವೂ ಕೊಡುವುದಿಲ್ಲ. ಇಂಥವಕ್ಕೆ ಪಟ್ಟಿಯೇ ಗತಿ, ಆದರೆ ಅದು ಚಿಕ್ಕದಾಗುತ್ತದೆ. ಪತ್ರಲೇಖನದ ಕೊನೆಯಲ್ಲಿ ತಪ್ಪದೆ ಬರುವ ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಬಗ್ಗೆಯೂ ಒಂದು ಮಾತು. ಅಲ್ಲಿನ ಟು ಉಪಸರ್ಗ. ‘ಟು ಯುವರ್ ಲೆಟರ್’ ಎಂದು ನಾಮಪದ ಹಾಕಿ ನೋಡಿದರೆ ಕೂಡುತ್ತದೆ. ಆದ್ದರಿಂದ ‘ಟು ಮೀಟಿಂಗ್ ಯು’.

ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಆಡಿದರೆ ಅಂಕ ಹೋದೀತೆಂಬ ಹೆದರಿಕೆ ಪ್ರಶಿಕ್ಷಣಾರ್ಥಿಗಳಲ್ಲಿದೆ. ವೀಕ್ಷಕರ ಕೆಂಪು ಶಾಯಿಯೂ ಅದಕ್ಕೊಂದು ಕಾರಣ. ಆದರೆ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಹುಭಾಷಿಕತೆಯನ್ನು ತರಗತಿಯ ಸಂಪನ್ಮೂಲವೆಂದೇ ನೋಡಿದೆ. ಇಡೀ ಪಾಠವನ್ನು ಕನ್ನಡದಲ್ಲಿ ನಡೆಸುವುದು ಬೇರೆ, ಎರಡು ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ನಾಲ್ಕು ನಿಮಿಷ ಹೋಲಿಸುವುದು ಬೇರೆ. ವೀಕ್ಷಣಾ ಪುಸ್ತಕದಲ್ಲಿ ಈ ವ್ಯತ್ಯಾಸ ಕಾಣಬೇಕು. ಮನೆಯಲ್ಲಿ ಉರ್ದು, ತುಳು, ತೆಲುಗು ಆಡುವ ಮಕ್ಕಳಿದ್ದರೆ ‘ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಹೇಳುತ್ತೀರಿ?’ ಎಂದು ಅವರನ್ನೂ ಕೇಳಬಹುದು.

ಮೌಲ್ಯಮಾಪನಕ್ಕೆ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳೇ ಸಾಲವು. ವಾಕ್ಯವನ್ನು ಪೂರ್ತಿಯಾಗಿ ಕೊಟ್ಟು, ‘ಹಿ ಫರ್ಗಾಟ್ ಟು ಪೋಸ್ಟ್ ದ ಲೆಟರ್. ಕಾಗದ ಈಗ ಎಲ್ಲಿದೆ?’ ಎಂದು ಕೇಳಿ. ‘ಜೇಬಿನಲ್ಲೇ ಇದೆ’ ಎಂದು ಬರೆದ ಮಗುವಿಗೆ ಪೂರ್ಣ ಅಂಕ.