ತಾಯಿಯಿಲ್ಲದ ಮನೆಯ ತಂದೆ: ವಿದ್ವಾಂಸರ ದೃಷ್ಟಿ ಬದಲಾದ ಬಗೆ

ಹೆಂಡತಿ ತೀರಿಕೊಂಡವನಿಗೆ ನೆಂಟರಿಷ್ಟರು ಹೇಳುವ ಮೊದಲ ಮಾತು, ‘ಮಕ್ಕಳ ಸಲುವಾಗಿಯಾದರೂ ಇನ್ನೊಂದು ಮದುವೆಯಾಗು, ಇಲ್ಲವೇ ಅವರನ್ನು ಅಜ್ಜಿಯ ಮನೆಗೆ ಕಳುಹಿಸು’ ಎಂಬುದು. ಗಂಡಸು ಒಂಟಿಯಾಗಿ ಮಕ್ಕಳನ್ನು ಸಾಕಲಾರನೆಂಬ ಈ ನಂಬಿಕೆ ನಮ್ಮವರದಷ್ಟೇ ಅಲ್ಲ. ಬಹುಕಾಲ ಪಾಶ್ಚಾತ್ಯ ವಿದ್ವಾಂಸರದೂ ಆಗಿದ್ದಿತು.

ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿಯವರು 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಒಂದು ವರದಿಯನ್ನು ಬರೆದರು. ಶಿಶುವಿಗೆ ತಾಯಿಯ, ಅಥವಾ ತಾಯಿಯ ಸ್ಥಾನದಲ್ಲಿ ನಿಂತವರ, ಎಡೆಬಿಡದ ಮಮತೆ ಅತ್ಯಗತ್ಯವೆಂಬುದು ಅದರ ಸಾರ. ತಂದೆಯ ಪಾಲಿಗೆ ಉಳಿದದ್ದು ಸಂಪಾದನೆ ಮತ್ತು ತಾಯಿಗೆ ಆಸರೆಯಾಗಿ ನಿಲ್ಲುವುದು. ತಂದೆಯನ್ನು ಶಾಸ್ತ್ರವು ಮರೆತಿದೆಯೆಂದು ಮೈಕೇಲ್ ಲ್ಯಾಂಬ್ ಎಂಬವರು ಬರೆದದ್ದು 1975ರಲ್ಲಿ.

ಅಮೆರಿಕಾದಲ್ಲಿ ವಿವಾಹವಿಚ್ಛೇದನಗಳು ಹೆಚ್ಚಿ, ಮಕ್ಕಳನ್ನು ಇಟ್ಟುಕೊಂಡ ತಂದೆಯರು ಕಣ್ಣಿಗೆ ಬೀಳತೊಡಗಿದ ಮೇಲೆ ಸಂಶೋಧಕರು ಅವರ ಬಾಗಿಲಿಗೆ ಹೋದರು. ಆಗಲೂ ಕೇಳಿದ್ದು ‘ಇವನಿಂದ ಇದಾದೀತೇ?’ ಎಂಬ ಸಂಶಯದ ಪ್ರಶ್ನೆಯನ್ನೇ. ಜೆಫ್ರಿ ಗ್ರೈಫ್ ಅವರು ಸಾವಿರಕ್ಕೂ ಮಿಕ್ಕ ತಂದೆಯರನ್ನು ವಿಚಾರಿಸಿ 1985ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಬಹುಮಂದಿ ಸಂಸಾರವನ್ನು ಸರಿಯಾಗಿಯೇ ತೂಗಿಸುತ್ತಿದ್ದರು. ಸೋತವನು ಪ್ರಶ್ನಾವಳಿ ತುಂಬಿ ಕಳುಹಿಸುವನೇ ಎಂದು ನಾವು ಕೇಳಬಹುದು. ಆ ಸಂಶಯಕ್ಕೆ ಎಡೆಯಿದೆ.

ನಿಜವಾದ ತಿರುವು 1987ರದು. ಸಮಾಜಶಾಸ್ತ್ರಜ್ಞೆ ಬಾರ್ಬರಾ ರಿಸ್ಮನ್ ಅವರು ಮಕ್ಕಳನ್ನು ಒಂಟಿಯಾಗಿ ಸಾಕುವ ತಂದೆಯರನ್ನು ತಾಯಂದಿರೊಡನೆ ಹೋಲಿಸಿ ನೋಡಿದರು. ಹೊಣೆ ಹೆಗಲಿಗೆ ಬಿದ್ದಾಗ ಗಂಡಸಿನ ನಡೆ ಬಹುಮಟ್ಟಿಗೆ ತಾಯಿಯ ನಡೆಯನ್ನೇ ಹೋಲುವುದೆಂದು ಕಂಡರು. ಮಮತೆಯನ್ನು ಕಲಿಸುವುದು ಹುಟ್ಟಿಗಿಂತ ಹೆಚ್ಚಾಗಿ ಸನ್ನಿವೇಶವೆಂದಾಯಿತು. ಹೋಟೆಲಿನಲ್ಲಿ ದಿನವೂ ನೂರಾರು ಮಂದಿಗೆ ಬೇಯಿಸಿ ಬಡಿಸುವವರು ಗಂಡಸರೇ ಆಗಿರಲು, ಮನೆಯ ಒಲೆ ಅವರ ಕೈಗೆ ಒಗ್ಗದೆಂದು ನಾವೂ ನಂಬಿಕೊಂಡಿದ್ದೆವಲ್ಲ!

ಮಗ ತಂದೆಯೊಡನೆ, ಮಗಳು ತಾಯಿಯೊಡನೆ ಇರುವುದೇ ಲೇಸೆಂಬ ಮಾತಿಗೆ 1979ರ ಒಂದು ಸಣ್ಣ ಅಧ್ಯಯನ ಬೆಂಬಲ ನೀಡಿದ್ದಿತು. 1993ರಲ್ಲಿ ಡೌನಿ, ಪವೆಲ್ ಎಂಬಿಬ್ಬರು ಸಾವಿರಾರು ವಿದ್ಯಾರ್ಥಿಗಳ ವಿವರಗಳನ್ನು ಪರಿಶೀಲಿಸಿದಾಗ ಅದಕ್ಕೆ ಆಧಾರ ದೊರೆಯಲಿಲ್ಲ.

ಅಮೆರಿಕಾದಲ್ಲಿ 1960ರಲ್ಲಿ ಇಂಥ ತಂದೆಯರ ಮನೆಗಳು 3 ಲಕ್ಷಕ್ಕೂ ಕಡಮೆ. 2011ರಲ್ಲಿ 26 ಲಕ್ಷಕ್ಕೂ ಹೆಚ್ಚು. ಇಂದಿನ ಸಂಶೋಧಕನು ತಂದೆಯ ಯೋಗ್ಯತೆಯನ್ನಷ್ಟೇ ಅಳೆಯುವುದಿಲ್ಲ. ಅವನ ವರಮಾನ, ಕೆಲಸದ ವೇಳೆ, ನೆರವಿಗೆ ಬರುವ ಕೈಗಳು ಇವನ್ನೂ ವಿಚಾರಿಸುತ್ತಾನೆ.

ನಮ್ಮ ಕೇಂದ್ರ ಸರ್ಕಾರವು ತನ್ನ ಮಹಿಳಾ ನೌಕರರಿಗಿದ್ದ ಮಕ್ಕಳ ಪಾಲನೆಯ ರಜೆಯನ್ನು 2018ರಲ್ಲಿ ಒಂಟಿ ತಂದೆಗೂ ವಿಸ್ತರಿಸಿತು: ಸೇವಾವಧಿಯಲ್ಲಿ ಒಟ್ಟು 730 ದಿನ, ಮೊದಲ 365 ದಿನಕ್ಕೆ ಪೂರ್ಣ ವೇತನ, ಉಳಿದವಕ್ಕೆ ಶೇಕಡಾ 80. ವಿಧುರನೂ ವಿಚ್ಛೇದಿತನೂ ಇದಕ್ಕೆ ಅರ್ಹರು. ಖಾಸಗಿ ಕಚೇರಿಯ ಗುಮಾಸ್ತನಿಗೂ ಹೋಟೆಲಿನ ಮಾಣಿಗೂ ಈ ನಿಯಮ ಅನ್ವಯಿಸುವುದಿಲ್ಲ.