ಸನ್ ಫಿಲಂ ಕಿತ್ತ ಮೇಲೆ ಉಳಿಯುವ ಕೆಲಸ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಸೀಟ್ ಕವರ್, ಮ್ಯಾಟ್, ಹಾರ್ನ್ ಮಾರುವ ಅಂಗಡಿಗಳ ಸಾಲಿದೆಯಲ್ಲ, ಅಲ್ಲಿ ಫಿಲಂ ಹಾಕುವ ಕೈಗಳೇ ತೆಗೆಯುವುದೂ ಹೌದು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಕಾರಿನ ಗಾಜಿಗೆ ಕಪ್ಪು ಫಿಲಂ ಅಂಟಿಸುವುದನ್ನು ನಿಷೇಧಿಸಿತು. ಮೇ 4ರಿಂದ ಅದು ಜಾರಿಗೆ ಬಂತು. ಪೊಲೀಸರು ರಸ್ತೆಯಲ್ಲೇ ನಿಲ್ಲಿಸಿ ಕೀಳಿಸಿದರು. ಆದರೆ ಅವರು ಕೀಳಿಸಿದ್ದು ಫಿಲಂ ಮಾತ್ರ, ಗಮ್ ಮಾಲೀಕರ ಪಾಲಿಗೇ ಉಳಿಯಿತು!

ಈ ಕೆಲಸದ ಕಷ್ಟವೆಲ್ಲ ಆ ಗಮ್‌ನಲ್ಲೇ ಇದೆ. ಫಿಲಂ ಎಂದರೆ ತೆಳು ಪಾಲಿಯೆಸ್ಟರ್ ಹಾಳೆ, ಬೆನ್ನಿಗೆ ಅಕ್ರಿಲಿಕ್ ಅಂಟು. ವರ್ಷಗಟ್ಟಲೆ ಬಿಸಿಲು ತಿಂದರೆ ಅಗ್ಗದ ಫಿಲಂನ ಕಪ್ಪು ಬಣ್ಣ ನೇರಳೆಗೆ ತಿರುಗುತ್ತದೆ, ಗುಳ್ಳೆ ಏಳುತ್ತದೆ, ಹಾಳೆಗೂ ಅಂಟಿಗೂ ನಂಟು ಸಡಿಲುತ್ತದೆ. ಆಗ ಎಳೆದರೆ ಹಾಳೆ ಕೈಗೆ ಬರುತ್ತದೆ, ಅಂಟು ಗಾಜಿನಲ್ಲೇ ಕೂರುತ್ತದೆ.

ಬಲ್ಲವನು ಮೊದಲು ಡೋರ್ ಪ್ಯಾಡ್ ಮೇಲೆ ಟವೆಲ್ ಹಾಸುತ್ತಾನೆ. ನೀರು ಇಳಿದು ಪವರ್ ವಿಂಡೋ ಸ್ವಿಚ್ ಸೇರಿದರೆ ಬೇರೆಯೇ ಖರ್ಚು. ಆಮೇಲೆ ಹೀಟ್ ಗನ್ ಅಥವಾ ಸ್ಟೀಮರ್. ಮೂಲೆ ಬಿಸಿಯಾಗಿ ಮೆತ್ತಗಾದ ಮೇಲೆ ಉಗುರಿನಲ್ಲಿ ತುದಿ ಎಬ್ಬಿಸಿ, ಗಾಜಿಗೆ ಹತ್ತಿರವಾಗಿ ಮಡಚಿಕೊಂಡು, ಬಾಳೆಯ ನಾರು ಸುಲಿದಂತೆ ನಿಧಾನಕ್ಕೆ ಎಳೆಯುತ್ತಾನೆ. ಬಿಸಿ ಮುಂದೆ, ಕೈ ಹಿಂದೆ. ಅವಸರಪಟ್ಟರೆ ಹಾಳೆ ಚೂರುಚೂರಾಗುತ್ತದೆ.

ಪಕ್ಕದ ಗಾಜಿನಲ್ಲಿ ಉಳಿದ ಗಮ್‌ಗೆ ಸೋಪಿನ ನೀರು ಚಿಮುಕಿಸಿ, ಹೊಸ ಬ್ಲೇಡನ್ನು ಓರೆಯಾಗಿ ಇಟ್ಟು ಮುಂದಕ್ಕೆ ಮಾತ್ರ ತಳ್ಳಬೇಕು. ಹಿಂದಕ್ಕೆ ಎಳೆದರೆ ಅಡಿಯಲ್ಲಿ ಸಿಕ್ಕ ಮರಳಿನ ಕಣ ಗೀರು ಹಾಕುತ್ತದೆ. ಥಿನ್ನರ್, ಅಸಿಟೋನ್ ಗಮ್ ಕರಗಿಸುತ್ತವೆ ನಿಜ, ಜೊತೆಗೆ ಡೋರ್‌ನ ಪ್ಲಾಸ್ಟಿಕ್ಕಿನ ಹೊಳಪನ್ನೂ ತಿನ್ನುತ್ತವೆ. ಕೊನೆಗೆ ಬೆರಳ ತುದಿಯಲ್ಲಿ ಸವರಿ ನೋಡುತ್ತಾನೆ. ಕಣ್ಣಿಗೆ ಕಾಣದ ಜಿಗುಟು ಬೆರಳಿಗೆ ಸಿಗುತ್ತದೆ.

ನಿಜವಾದ ಪರೀಕ್ಷೆ ಹಿಂದಿನ ಗಾಜಿನದು. ಅಲ್ಲಿ ಅಡ್ಡಡ್ಡ ಕಾಣುವ ಡಿಫಾಗರ್ ಗೆರೆಗಳು ಗಾಜಿನ ಒಳಮೈಮೇಲೇ ಮುದ್ರಿಸಿದ ಬೆಳ್ಳಿ ಮಿಶ್ರಣದವು. ಬ್ಲೇಡ್ ತಗುಲಿ ಒಂದು ಗೆರೆ ತುಂಡಾದರೂ ಮಳೆಗಾಲದಲ್ಲಿ ಅಷ್ಟು ಪಟ್ಟಿಯ ಮಂಜು ಕರಗುವುದಿಲ್ಲ. ಹಾಗಾಗಿ ಇಲ್ಲಿ ಹಬೆ ಹೆಚ್ಚು, ಬ್ಲೇಡ್ ಇಲ್ಲ. ಗಮ್ ನೆನೆಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಬಿಟ್ಟು, ಬಳಿಕ ಬಟ್ಟೆಯಲ್ಲಿ ಗೆರೆಯ ಉದ್ದಕ್ಕೇ ಉಜ್ಜಬೇಕು. ಒಂದೆರಡು ಕಡೆ ತುಂಡಾಗಿದ್ದರೆ ಬೆಳ್ಳಿ ಬೆರೆತ ಪೇಂಟ್ ಹಚ್ಚಿ ಜೋಡಿಸಬಹುದು. ಹತ್ತಾರು ಕಡೆ ಹೋಗಿದ್ದರೆ ಗಾಜನ್ನೇ ಬದಲಿಸುವುದು.

ಚೌಕಾಸಿಗೆ ಇಳಿಯುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: 'ಹಿಂದಿನ ಗಾಜಿಗೂ ಬ್ಲೇಡ್ ಹಾಕ್ತೀರಾ?' 'ಹಾಕ್ತೀವಿ ಸಾರ್, ಬೇಗ ಆಗುತ್ತೆ' ಅಂದರೆ ಪಕ್ಕದ ಅಂಗಡಿಗೆ ನಡೆಯಿರಿ.